ಮೈಲುತುತ್ತೂ ವಿಜ್ಞಾನ ಮೇಳವೂ

ಮಗುವಿಗೆ ಜ್ವರ ಬಂದರೆ ಮಲಗುವುದು ಮಗುವೊಂದೇ. ಶಾಲೆಯಲ್ಲಿ ವಿಜ್ಞಾನ ಮೇಳವೆಂದರೆ ಮಾತ್ರ ಮನೆಮಂದಿಗೆಲ್ಲ ತಾಪವೇರುತ್ತದೆ. ತಾಯಿ ಥರ್ಮೊಕೋಲಿನ ಹಲಗೆ ಹುಡುಕುತ್ತಾಳೆ. ತಂದೆ ಬಣ್ಣ, ಬಲ್ಬುಗಳ ಖರ್ಚನ್ನು ಕೂಡಿಸುತ್ತಾನೆ. ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆದಿದೆಯೋ ಆ ವಿಜ್ಞಾನಿ ಮೂಲೆಯಲ್ಲಿ ಆಕಳಿಸುತ್ತಾನೆ. ಕೊನೆಗೆ ಅಡಿಗೆ ಸೋಡ, ವಿನೆಗರುಗಳ ಜ್ವಾಲಾಮುಖಿಯೊಂದು ಮೇಜಿನ ಮೇಲೆ ನೊರೆ ಕಾರುತ್ತದೆ. ಜ್ವಾಲಾಮುಖಿಯನ್ನೇ ಕಾಣದ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಇಂತಹವು ಎಷ್ಟು ಸಿಡಿಯುತ್ತವೆಯೋ, ಲೆಕ್ಕವಿಟ್ಟವರಿಲ್ಲ!

ಉಜಿರೆಯಿಂದ ಚಾರ್ಮಾಡಿ ಘಟ್ಟಕ್ಕೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ ಹರಡಿಕೊಂಡ ಊರು ಮುಂಡಾಜೆ. ಅಲ್ಲಿನ ಒಂದು ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಇದೇ ಜ್ವರ. ಹಿಂದಿನ ವರ್ಷ ತಂದೆ ಪೇಟೆಯಿಂದ ಸಿದ್ಧವಾದ ಮಾದರಿಯನ್ನೇ ತಂದುಕೊಟ್ಟಿದ್ದ. ತೀರ್ಪುಗಾರರು, "ಇದು ಹೇಗೆ ನಡೆಯುತ್ತದಮ್ಮ?" ಎಂದು ಕೇಳಿದಾಗ ಅವಳು ಕಾಲ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. ಬಹುಮಾನ ಬಾರದ್ದು ದೊಡ್ಡ ಮಾತಲ್ಲ. ಆ ಮೌನ ಅವಳನ್ನು ವರ್ಷವಿಡೀ ಚುಚ್ಚಿತ್ತು.

"ಈ ಸಲ ನನಗೆ ಅರ್ಥವಾಗುವುದೇ ಬೇಕು, ಅಪ್ಪ" ಎಂದು ಹಟ ಹಿಡಿದಳು. ಅಪ್ಪನಿಗೆ ಅದಕ್ಕೂ ಮಿಗಿಲಾದ ಚಿಂತೆಯಿತ್ತು. ಹಿಂದಿನ ಮಳೆಗಾಲ ಅಜ್ಜ ಹಾಸಿಗೆ ಹಿಡಿದಿದ್ದಾಗ ಅವನೊಬ್ಬನೇ ನಿಂತು ಕೊಳೆರೋಗಕ್ಕೆ ಮದ್ದು ಬಿಡಿಸಿದ್ದ. ಆದರೂ ಎಳೆಯ ಅಡಿಕೆ ಸುಟ್ಟ ಗಾಯವಾದಂತೆ ಕಲೆಗಟ್ಟಿ ಉದುರಿತ್ತು.

ಜುಲೈಯಲ್ಲಿ ಮಳೆ ಎರಡು ದಿನ ಹೊಳವಾಯಿತು. ಅಂಗಳದಲ್ಲಿ ಅಜ್ಜನ ಮೇಲ್ವಿಚಾರಣೆ. 1 ಕಿಲೋ ಮೈಲುತುತ್ತು 50 ಲೀಟರು ನೀರಿನಲ್ಲಿ ಕರಗಿತ್ತು. 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ ಕದಡಿತ್ತು. ಎರಡನ್ನೂ ಕೂಡಿಸಿದ ಮೇಲೆ ಅಜ್ಜ, ಉಜ್ಜಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ತುಸು ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ಕೆಂಪು ಕೂತಿತ್ತು.

"ಸುಣ್ಣ ಹಳತು, ಬಲ ಸಾಲದು. ಇನ್ನಷ್ಟು ಹಾಕಿ."

"ಕೆಂಪು ಯಾಕೆ ಬಂತು, ಅಜ್ಜ?"

"ಅದು ನನಗೆ ಗೊತ್ತಿಲ್ಲ, ಮಗಳೇ. ಕೆಂಪು ಬಂದರೆ ಸುಣ್ಣ ಬೇಕು. ಇಲ್ಲದಿದ್ದರೆ ಮದ್ದೇ ಎಳೆ ಅಡಿಕೆಯನ್ನು ಸುಡುತ್ತದೆ. ನನ್ನ ಅಪ್ಪ ಹೇಳಿದ್ದು ಇಷ್ಟೆ."

ಹುಡುಗಿ ಒಳಗೋಡಿ ಪಾಠಪುಸ್ತಕ ತಂದಳು. ಅದರ ಮೊದಲನೆಯ ಅಧ್ಯಾಯದಲ್ಲೇ ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆಯಿತ್ತು! ಕಬ್ಬಿಣ ತಾಮ್ರಕ್ಕಿಂತ ಚುರುಕು. ಅದು ದ್ರಾವಣಕ್ಕಿಳಿದು ತಾಮ್ರವನ್ನು ಹೊರದೂಡುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವನ್ನೆಲ್ಲ ಕಟ್ಟಿಹಾಕುತ್ತದೆ, ಅಲಗು ಕೆಂಪಾಗುವುದಿಲ್ಲ. ಪುಸ್ತಕದ ಮೊಳೆಯೂ ಅಜ್ಜನ ಕತ್ತಿಯೂ ಒಂದೇ ಮಾತನ್ನು ಆಡಿದ್ದವು. ಅವಳು ವಿವರಿಸುತ್ತಿದ್ದಂತೆ ಅಪ್ಪ ಮೆಲ್ಲನೆ, "ಹೋದ ವರ್ಷ ನಾನು ಕತ್ತಿ ಅದ್ದಿ ನೋಡಿರಲಿಲ್ಲ" ಎಂದ. ಯಾರೂ ಏನೂ ಅನ್ನಲಿಲ್ಲ.

ಮೇಳದಲ್ಲಿ ಅವಳು ಇರಿಸಿದ್ದು ಮೂರು ಗಾಜಿನ ಲೋಟ, ಮೂರು ಮೊಳೆ: ಸುಣ್ಣ ಕಡಿಮೆಯಾದದ್ದು, ಸರಿಯಾದದ್ದು, ಹೆಚ್ಚಾದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆಂದು ಮಿಲಾರ್ಡೆ 1885ರಲ್ಲಿ ಲೋಕಕ್ಕೆ ತಿಳಿಸಿದ ಮದ್ದು ಇದೆಂದೂ, ಮೈಸೂರು ಸಂಸ್ಥಾನದ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿದವರು ಲೆಸ್ಲಿ ಕೋಲ್ಮನ್ ಎಂದೂ ಹಲಗೆಯ ಮೇಲೆ ಬರೆದಿದ್ದಳು. "ಇದು ಹೇಗೆ ನಡೆಯುತ್ತದಮ್ಮ?" ಎಂಬ ಪ್ರಶ್ನೆ ಈ ಸಲವೂ ಬಂತು. ಉತ್ತರ ಎಷ್ಟು ಉದ್ದವಾಯಿತೆಂದರೆ, ತೀರ್ಪುಗಾರರೇ "ಸಾಕು" ಎನ್ನಬೇಕಾಯಿತು. ಬಹುಮಾನ ಬೇರೊಬ್ಬರ ಪಾಲಾಯಿತು. ಅವಳು ನೆಲ ನೋಡಲಿಲ್ಲ.

ಮುಂದಿನ ಸಲ ಮದ್ದು ಕೂಡಿಸುವಾಗ ಕತ್ತಿ ಅದ್ದಿದವನು ಅಪ್ಪ. ಕೆಲಸದ ಹೊಸ ಆಳು, "ಈ ಕೆಂಪು ಎಂತದ್ದು?" ಎಂದು ಕೇಳಿದ. ಜಗಲಿಯಿಂದಲೇ ಅಜ್ಜ ಗಂಭೀರವಾಗಿ ನುಡಿದರು:

"ಅದು ತಾಮ್ರ, ಮಾರಾಯ. ಅಷ್ಟೂ ಗೊತ್ತಿಲ್ಲವೋ ನಿನಗೆ?"