ಬಿಚ್ಚುವ ಕಾಯಕ

ಕಟ್ಟುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚಿನ ತಾಳ್ಮೆ ಬೇಕು. ಅಮೆರಿಕದಲ್ಲಿ ಹಾರುವ ಬಿಲ್ಲೆಗೆ ಗುರಿಯಿಡುವ ಹವ್ಯಾಸಿಗಳಲ್ಲಿ ಅನೇಕರು ಬರಿದಾದ ತೋಟಾಗಳನ್ನು ಮನೆಯಲ್ಲಿಯೇ ಮರಳಿ ತುಂಬುವರು. ಹೊಸ ಕೇಪು, ಅಳೆದ ಮದ್ದು, ಪ್ಲಾಸ್ಟಿಕ್ಕಿನ ಬಟ್ಟಲು, 12 ಬೋರಿನದಾದರೆ ಸುಮಾರು 32 ಗ್ರಾಂ ಸೀಸದ ಚರೆ. ಇವನ್ನು ಕ್ರಮವಾಗಿ ಇರಿಸಿ ಬಾಯಿ ಮಡಿಚಿದರೆ ತೋಟಾ ಸಿದ್ಧ.

ಆದರೆ ಮದ್ದು ಸಾಲದ ತೋಟಾವೂ ಹೊರನೋಟಕ್ಕೆ ಉಳಿದವುಗಳಂತೆಯೇ ಕಾಣುವುದು. ಹಾರಿಸಿದರೆ ಬಟ್ಟಲು ನಳಿಗೆಯಲ್ಲಿಯೇ ಸಿಕ್ಕಿಕೊಂಡೀತು. ಅದನ್ನರಿಯದೆ ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಸೀಳೀತು. ಆದುದರಿಂದ ಬಲ್ಲವನು ಸಂಶಯದ ತೋಟಾವನ್ನು ಹಾರಿಸಿ ನೋಡನು, ಬಿಚ್ಚಿ ನೋಡುವನು. ಮಡಿಕೆಗಳನ್ನು ಮೆಲ್ಲನೆ ತೆರೆದು ಚರೆಯನ್ನು ಸುರಿದುಕೊಳ್ಳುವನು. ಬಟ್ಟಲನ್ನು ಹೊರಗೆಳೆದು ಮದ್ದನ್ನು ಬೇರ್ಪಡಿಸುವನು. ಕೇಪು ಆಗಲೂ ಸಜೀವವೇ. ಅದಕ್ಕೆ ಪೆಟ್ಟು ತಾಗಕೂಡದು.

ಚರೆಯು ಮರಳಿ ಉಪಯೋಗಕ್ಕೆ ಬರುವುದು. ಮದ್ದಿನ ವಿಷಯ ಹಾಗಲ್ಲ. ನೋಟಕ್ಕೆ ಒಂದೇ ಆದ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಬೇರೆಯಾಗಿರಬಹುದು. ಯಾವ ಬಗೆಯದೆಂಬ ನಿಶ್ಚಯವಿಲ್ಲದ ಮದ್ದು ಡಬ್ಬಿಗೆ ಹಿಂತಿರುಗಬಾರದು. ಅಲ್ಲಿ ಉಳಿತಾಯವೇ ಅಪಾಯ.

ತಪ್ಪನ್ನು ಮುಚ್ಚದೆ ಬಿಚ್ಚಿ ನೋಡುವ ಧೈರ್ಯ, ಉಳಿಸುವ ವಿವೇಕ, ತ್ಯಜಿಸುವ ವಿವೇಕ ಈ ಮೂರೂ ಕೂಡಿದಾಗ ಮಾತ್ರ ಕೈಕೆಲಸವು ಕಾಯಕವೆನಿಸುವುದು. ವಿದ್ಯಾರ್ಥಿಯ ತಪ್ಪನ್ನು ತಿದ್ದುವ ಗುರುವಿಗೂ ಬೇಕಾದುದು ಇವೇ.