ಹತ್ತು ರಾಗಗಳು, ಎರಡು ತೀರ್ಪುಗಳು

ಹೊಸ ಕೃತಿಯೊಂದರ ಬೆಲೆಯನ್ನು ಅದು ಹೊರಬಂದ ಕಾಲದಲ್ಲೇ ಕಟ್ಟಿಬಿಡಬಹುದೆಂದು ನಂಬುವವರು ಚರಣ್‌ಜೀತ್ ಸಿಂಗರ ಧ್ವನಿಮುದ್ರಿಕೆಯ ಕಥೆಯನ್ನು ಅರಿಯಬೇಕು. ಮುಂಬಯಿಯ ಹಿಂದಿ ಚಿತ್ರಗೀತೆಗಳ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಅವರು, 1982ರಲ್ಲಿ ಲಲಿತ, ಯಮನ್, ಮಾಲ್ಕೌಂಸ್ ಮೊದಲಾದ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ, ಯಂತ್ರದ ಡಿಸ್ಕೋ ತಾಳಕ್ಕೆ ಹೊಂದಿಸಿದರು. ಚಿತ್ರರಂಗದಲ್ಲಿ ಡಿಸ್ಕೋ ಭರಾಟೆಯ ಕಾಲವದು. ಆದರೂ ಎಚ್‌ಎಂವಿ ಹೊರತಂದ ಈ ಮುದ್ರಿಕೆಯತ್ತ ಕೇಳುಗರು ತಿರುಗಿ ನೋಡಲಿಲ್ಲ. ಕುಣಿಯಲು ಬಂದವರಿಗೆ ಅದರಲ್ಲಿ ಹಾಡಿರಲಿಲ್ಲ. ರಾಗ ಬಯಸಿದವರಿಗೆ ಯಂತ್ರದ ಸದ್ದು ಹಿಡಿಸಿರಲಿಕ್ಕಿಲ್ಲ.

ಅವರು ಮಂದ್ರಸ್ವರಗಳಿಗೆ ಬಳಸಿದ ಯಂತ್ರದ ಹಣೆಬರಹವೂ ಹಾಗೆಯೇ ಇತ್ತು. ಬೇಸ್ ಗಿಟಾರಿಗೆ ಬದಲಿಯೆಂದು ಜಪಾನಿನ ರೋಲೆಂಡ್ ಕಂಪನಿ ಹೊರತಂದ ಟಿಬಿ-303, ಹೆಚ್ಚು ಮಾರಾಟವಾಗದೆ 1984ರಲ್ಲಿ ನಿಂತುಹೋಯಿತು. ಅಗ್ಗಕ್ಕೆ ದೊರೆಯುತ್ತಿದ್ದ ಆ ಹಳೆಯ ಯಂತ್ರದಿಂದಲೇ ಅಮೆರಿಕದ ಶಿಕಾಗೋ ನಗರದ ‘ಫ್ಯೂಚರ್’ ಎಂಬ ಯುವಕರ ತಂಡ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಿತು. ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತ ಅಲ್ಲಿಂದ ಹಬ್ಬಿತು.

2010ರಲ್ಲಿ ಹಾಲೆಂಡಿನ ಪುಟ್ಟ ಸಂಸ್ಥೆಯೊಂದು ಸಿಂಗರ ಮುದ್ರಿಕೆಯನ್ನು ಮರಳಿ ಪ್ರಕಟಿಸಿದಾಗ ಪಾಶ್ಚಾತ್ಯ ವಿಮರ್ಶಕರು ಬೆರಗಾದರು. ಶಿಕಾಗೋಗಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇಂಥದೇ ನಾದ! ಇತ್ತೀಚೆಗೆ ಯಾರೋ ಹೂಡಿದ ಕುಚೇಷ್ಟೆಯಿದು ಎಂದೂ ಕೆಲವರು ಶಂಕಿಸಿದರು. ಶಂಕೆ ಅಳಿದ ಮೇಲೆ ಹೊಗಳಿಕೆ ಹರಿಯಿತು. ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳನ್ನೇರಿದ ಸಿಂಗರು 2015ರಲ್ಲಿ ತೀರಿಕೊಂಡರು.

ನನ್ನನ್ನು ಕಾಡುವುದು ಈ ಎರಡನೆಯ ತೀರ್ಪು. ಚರ್ಚೆಯ ಬಹುಪಾಲು ‘ಯಾರು ಮೊದಲು’ ಎಂಬುದರ ಸುತ್ತಲೇ ನಡೆಯಿತು. ರಾಗದ ಮಾತು ಹಿಂದೆ ಸರಿಯಿತು. ನಮ್ಮ ಮನೆಯಲ್ಲಿ ಎಂಟನೆಯ ತರಗತಿಯ ಮಗಳು ಲಲಿತವನ್ನು ಕೇಳುತ್ತಾ ಕಾಲಲ್ಲಿ ತಾಳ ಹಾಕುತ್ತಿದ್ದಳು. ಬೆಳಗಿನವರೆಗೂ ಕುಳಿತು ಯಕ್ಷಗಾನ ನೋಡಿದ ನನ್ನ ಅಮ್ಮ ಬೇರೆಯದನ್ನೇ ಕೇಳಿಸಿಕೊಂಡರು: “ತಾಳ ಓಡುವುದು ಸ್ವಲ್ಪ ಹೆಚ್ಚಾಯ್ತು ಮಗಾ. ಆದ್ರೆ ಆ ಸ್ವರ ಜಾರುವುದುಂಟಲ್ಲಾ, ಅದು ಚೆಂದ.” ಸ್ವರದಿಂದ ಸ್ವರಕ್ಕೆ ಜಾರಿಸುವ ಅನುಕೂಲ ಆ ಯಂತ್ರಕ್ಕಿರುವುದು ನಿಜ. ಅದು ಅಮ್ಮನಿಗೆ ತಿಳಿಯದು. ಅವರ ಕಿವಿಗೆ ತಿಳಿಯಿತು.

ಗಡಿಯಾಚೆ ಉಳಿದ ನಮ್ಮ ಮಕ್ಕಳ ಕಲಿಕೆಗೂ ಇಂಥ ತೀರ್ಪುಗಳು ಬೀಳುತ್ತಲೇ ಇರುತ್ತವೆ. ಕನ್ನಡದಲ್ಲಿ ಓದಿ ಏನು ಪ್ರಯೋಜನವೆಂದು ಕೇಳುವ ನೆರೆಯವರು, ಅದೇ ಮಗುವಿಗೆ ದೂರದ ಊರಿನ ಬಹುಮಾನ ಬಂದೊಡನೆ ಬೆನ್ನು ತಟ್ಟುತ್ತಾರೆ. ಬಹುಮಾನ ಬರಲಿ, ಸಂತೋಷ. ಆದರೆ ಮಗು ಬರೆದ ಪದ್ಯ ಚೆನ್ನಾಗಿದೆಯೇ ಎಂಬುದನ್ನು ಅದರ ಮನೆಯವರು ಮೊದಲು ಓದಿ ತಿಳಿಯಬೇಡವೇ? ಅದಕ್ಕೆ 28 ವರ್ಷ ಕಾಯುವ ಅಗತ್ಯವಿಲ್ಲ.

ಶಾಲೆಯ ಕೈಬರಹ ಪತ್ರಿಕೆಗೆ ಈ ಸಂಗೀತದ ಬಗ್ಗೆ ಬರೆಯುವೆನೆಂದು ಮಗಳು ಹೊರಟಾಗ, ಬೇರೆಯವರು ಹೇಳಿದ್ದನ್ನು ಬಿಟ್ಟು ನಿನಗೆ ಕೇಳಿಸಿದ್ದನ್ನು ಬರೆ ಎಂದೆ. ಅವಳ ಬರಹದ ಕೊನೆಯ ಸಾಲು ಹೀಗಿತ್ತು: “ಅಜ್ಜಿಗೆ ಮೊದಲ ಸಲವೇ ಕೇಳಿಸಿದ ಜಾರು ನನಗೆ ಮೂರನೆಯ ಸಲ ಕೇಳಿಸಿತು.”