ಅಜ್ಜನ ಗಂಟೆ

ನನ್ನಿವಾಳದ ನಮ್ಮ ಮನೆ ಕಟ್ಟೆಯ ಮೇಲೆ ಅಜ್ಜ ಹಗ್ಗ ಹೊಸೆಯುತ್ತಿದ್ದರು. ದನಗಳತ್ತ ಪದೇ ಪದೇ ತಿರುಗಿ ನೋಡುತ್ತಿರಲಿಲ್ಲ. ಗಂಟೆಯ ಸದ್ದು ಕೇಳಿದರೆ ಸಾಕು, "ಕೆಂಚ ಹಗ್ಗ ಬಿಚ್ಕೊಂಡೈತೆ" ಎಂದು ಎದ್ದುಹೋಗಿ ಕಟ್ಟಿಬಂದು, ಬಿಟ್ಟ ಎಳೆಯಿಂದಲೇ ಮತ್ತೆ ಹೊಸೆಯುತ್ತಿದ್ದರು.

ಕಂಪ್ಯೂಟರ್ ಮಾಡುವುದೂ ಇದನ್ನೇ ಎಂದು ನಮ್ಮ ಮೇಷ್ಟ್ರು ಹೇಳಿದರು. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. 1981ರ ಐಬಿಎಂ ಪಿಸಿಯಲ್ಲಿ ಹೀಗೆ ಕರೆಯಲು 8 ದಾರಿಗಳಿದ್ದವು. 0 ಗಡಿಯಾರದ್ದು, 1 ಕೀಲಿಮಣೆಯದು. ಎರಡು ಕರೆ ಒಟ್ಟಿಗೆ ಬಂದರೆ ಚಿಕ್ಕ ಸಂಖ್ಯೆಗೆ ಮೊದಲ ಸರದಿ. ಕರೆದವರು ಯಾರೆಂದು ಒಂದು ಚಿಪ್ ಸಂಖ್ಯೆಯಲ್ಲಿ ತಿಳಿಸುತ್ತದೆ. ಪ್ರೊಸೆಸರ್ ತನ್ನ ಕೆಲಸ ಎಲ್ಲಿಗೆ ಬಂದಿತ್ತೆಂದು ಗುರುತಿಟ್ಟು, ಪಟ್ಟಿಯಲ್ಲಿ ಆ ಸಂಖ್ಯೆಗೆ ಬರೆದ ಕೆಲಸ ಮುಗಿಸಿ, ಬಿಟ್ಟಲ್ಲಿಗೇ ಮರಳುತ್ತದೆ.

ಈಗ ಅಜ್ಜನಿಗೆ ಓಡಾಡಲಾಗದು. ಕೆಂಚನ ಗಂಟೆಯನ್ನೇ ಅವರ ಮಂಚಕ್ಕೆ ಕಟ್ಟಿದ್ದೇವೆ. ಮೊನ್ನೆ ನಾನು ಲೆಕ್ಕ ಮಾಡುವಾಗ ಅದು ಅಲುಗಿತು. "ತಡಿಯಜ್ಜ" ಎಂದು ಕೂತೇ ಇದ್ದೆ. ಮತ್ತೆ ಸದ್ದಿಲ್ಲ. ಎದೆ ಧಸಕ್ಕೆಂದು ಓಡಿದೆ. ನೀರಿನ ಚೊಂಬಿಗೆ ಕೈಚಾಚಿ ಅಜ್ಜ ಮಂಚದಿಂದ ಅರ್ಧ ಜಾರಿದ್ದರು. ಹಿಡಿದು ಕೂರಿಸಿ ನೀರು ಕುಡಿಸಿದೆ.

"ಲೆಕ್ಕ ಎಲ್ಲಿಗೆ ಬಂದಿತ್ತೋ?" ಎಂದರು.

ಅಂದಿನಿಂದ ಗಂಟೆ ಅಲುಗಿದರೆ ಪುಸ್ತಕದಲ್ಲಿ ಪೆನ್ಸಿಲ್ ಇಟ್ಟು ಏಳುತ್ತೇನೆ. ಲೆಕ್ಕ ಅಲ್ಲೇ ಕಾಯುತ್ತದೆ.